ಹಾಸನದ ನಾಲ್ಕು ಜನರ ತಂಡಕ್ಕೆ ಯಾವ ಭಾಷೆ, ಯಾವ ಸ್ಟ್ಯಾಕ್? ಗಡಿಯಾರ ಹಿಡಿದು ಆರಿಸುವ ಬಗೆ

ಪೈಥಾನ್ ಮೇಲೋ ಜಾವಾ ಮೇಲೋ ಎಂಬ ವಾದ ಮುಗಿಯುವುದಿಲ್ಲ. ಯಾವ ಕೆಲಸಕ್ಕೆ, ಯಾರ ಕೈಯಲ್ಲಿ, ಎಷ್ಟು ವರ್ಷಕ್ಕೆ ಎಂದು ಹೇಳದೆ ಶುರುವಾದ ವಾದ ಮುಗಿಯುವುದಾದರೂ ಹೇಗೆ? ಬೆಂಗಳೂರಿನ ದೊಡ್ಡ ಕಂಪನಿಗೆ ಒಪ್ಪುವ ಉತ್ತರ, ಹಾಸನದ ಸಾಲಗಾಮೆ ರಸ್ತೆಯಲ್ಲೋ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲೋ ಬಾಡಿಗೆ ಮಹಡಿಯಲ್ಲಿ ಕೂತು ಕೆಲಸ ಮಾಡುವ ನಾಲ್ಕು ಜನರಿಗೂ ಒಪ್ಪಬೇಕೆಂದೇನಿಲ್ಲ. ಈ ಬರಹ ಆ ನಾಲ್ಕು ಜನರಿಗಾಗಿ. ನಿಮ್ಮ ಹುಡುಗರು, ನಿಮ್ಮ ಗಿರಾಕಿ, ನಿಮ್ಮೂರಿನ ಕರೆಂಟು ಎಲ್ಲವನ್ನೂ ಎದುರಿಗಿಟ್ಟುಕೊಂಡು ನೀವೇ ಹೋಲಿಸಿ ನೋಡುವ ವಿಧಾನ ಇಲ್ಲಿದೆ. ಸ್ಟ್ಯಾಕ್ ಎಂದರೆ ಭಾಷೆ, ಅದರ ಮೇಲಿನ ಸಿದ್ಧ ಚೌಕಟ್ಟು (ಫ್ರೇಮ್‌ವರ್ಕ್), ಡೇಟಾಬೇಸ್ ಇವೆಲ್ಲ ಸೇರಿದ ಸಲಕರಣೆಗಳ ಜೋಡಣೆ. ಇಂಥದ್ದೇ ಭಾಷೆ ತಗೊಳ್ಳಿ ಎಂದು ಅಪ್ಪಣೆ ಕೊಡುವುದಿಲ್ಲ. ಆದರೆ ನನ್ನ ಒಲವು ಯಾವ ಕಡೆ ಎಂಬುದನ್ನು ಮುಚ್ಚಿಡುವುದೂ ಇಲ್ಲ.

ಹೆಜ್ಜೆ 1: ಕೆಲಸವನ್ನು ಒಂದೇ ಹಾಳೆಯಲ್ಲಿ ಬರೆಯಿರಿ

ಮಾತು ಗಾಳಿಯಲ್ಲಿ ಹೋಗಬಾರದೆಂದು ಒಂದು ಉದಾಹರಣೆ ಹಿಡಿದುಕೊಳ್ಳೋಣ. ಸಕಲೇಶಪುರದ ಒಬ್ಬ ಕಾಫಿ ವ್ಯಾಪಾರಿಗೆ ಖರೀದಿಯ ಸಾಫ್ಟ್‌ವೇರ್ ಬೇಕು. ಬೆಳೆಗಾರರು ರೊಬಸ್ಟಾ ಚೆರ್ರಿಯ (ಒಣಗಿಸಿದ ಕಾಫಿ ಹಣ್ಣಿನ) ಚೀಲಗಳನ್ನು ತರುತ್ತಾರೆ. ತೂಕ ಆಗಬೇಕು, ಮಾಯಿಶ್ಚರ್ ನೋಡಬೇಕು, ಸ್ಯಾಂಪಲ್ ತೆಗೆದು ಔಟ್‌ಟರ್ನ್ ಹಾಕಬೇಕು. ಐವತ್ತು ಕೆಜಿ ಚೆರ್ರಿಯ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಬೀಜ ಉಳಿಯುತ್ತದೆ ಎಂಬ ಲೆಕ್ಕವೇ ಔಟ್‌ಟರ್ನ್, ದರ ನಿಲ್ಲುವುದು ಅದರ ಮೇಲೆ. ಆಮೇಲೆ ಮೊದಲೇ ಕೊಟ್ಟ ಮುಂಗಡ ಕಳೆದು, ಕನ್ನಡದಲ್ಲಿ ಚೀಟಿ ಪ್ರಿಂಟ್ ಆಗಬೇಕು. ಲೆಕ್ಕ ಬರೆಯುವವರಿಗೆ ಅದೆಲ್ಲ ಟ್ಯಾಲಿಗೆ ಹೋಗಬೇಕು. ಯಜಮಾನರಿಗೆ ತೋಟದಲ್ಲಿ ನಿಂತು ಫೋನಿನಲ್ಲೇ ಇವತ್ತಿನ ಖರೀದಿ ಎಷ್ಟಾಯ್ತು ಎಂದು ಕಾಣಬೇಕು.

ಈಗ ಹಾಳೆ ತೆಗೆದು ಬರೆಯಿರಿ. ಯಾರು ಬಳಸುತ್ತಾರೆ, ಅವರ ಕಂಪ್ಯೂಟರ್ ಎಂಥದ್ದು? ಕರೆಂಟ್, ಇಂಟರ್‌ನೆಟ್ ಇಲ್ಲದಿದ್ದಾಗ ಯಾವ ಕೆಲಸ ನಡೆಯಲೇಬೇಕು? ಯಾವ ನಿಯಮ ಪದೇಪದೇ ಬದಲಾಗುತ್ತದೆ? ಸೀಸನ್‌ನಲ್ಲಿ ಬೆಳಗ್ಗೆ ಏಳಕ್ಕೆ ಫೋನ್ ಬಂದರೆ ಎತ್ತುವವರು ಯಾರು? ಇದು ಎಷ್ಟು ವರ್ಷ ಬಾಳಬೇಕು?

ಈ ಹಾಳೆಯ ತಲೆಯ ಮೇಲೆ ಉತ್ಪಾದಕತೆ ಎಂದರೇನು ಎಂದು ನಿಮ್ಮ ಮಾತಿನಲ್ಲಿ ಒಂದು ಸಾಲು ಬರೆದುಕೊಳ್ಳಿ. ನಾನು ಹೀಗೆ ಬರೆಯುತ್ತೇನೆ: ಗಿರಾಕಿ "ಇದೊಂದು ಬದಲಾಯಿಸಿಕೊಡಿ ಸಾರ್" ಎಂದ ಹೊತ್ತಿನಿಂದ, ಬದಲಾದ ಚೀಟಿ ಅವರ ಕೌಂಟರಿನಲ್ಲಿ ಸರಿಯಾಗಿ ಬರುವ ಹೊತ್ತಿನವರೆಗೆ ಹಿಡಿಯುವ ಸಮಯ. ಕೋಡ್ ಟೈಪ್ ಮಾಡುವ ವೇಗ ಇದರಲ್ಲಿ ಒಂದು ಚಿಕ್ಕ ಪಾಲು. ಹೇಳಿದ್ದು ಅರ್ಥವಾಗಲು, ಹಳೆಯ ಕೋಡಿನಲ್ಲಿ ಜಾಗ ಹುಡುಕಲು, ತಪ್ಪು ಹಿಡಿಯಲು, ಗಿರಾಕಿಯ ಯಂತ್ರಕ್ಕೆ ತಲುಪಿಸಲು ಹೋಗುವ ಸಮಯವೇ ಹೆಚ್ಚು. ಭಾಷೆಗಳ ಜಾಹೀರಾತುಗಳು ಟೈಪ್ ಮಾಡುವ ಪಾಲನ್ನು ಮಾತ್ರ ತೋರಿಸುತ್ತವೆ.

ಹೆಜ್ಜೆ 2: ಸಂಶೋಧನೆ ಹೇಳಿದ್ದನ್ನು ಕೇಳಿ, ಆದರೆ ಅಲ್ಲೇ ನಿಲ್ಲಬೇಡಿ

ಲುಟ್ಸ್ ಪ್ರೆಶೆಲ್ಟ್ ಎಂಬ ಜರ್ಮನ್ ಸಂಶೋಧಕರು 2000ದಲ್ಲಿ ಒಂದು ಹೋಲಿಕೆ ಪ್ರಕಟಿಸಿದರು. ಫೋನ್ ನಂಬರನ್ನು ಪದಗಳಾಗಿ ಬದಲಿಸುವ ಒಂದೇ ಪ್ರೋಗ್ರಾಮ್, ಏಳು ಭಾಷೆ, ಬೇರೆಬೇರೆಯವರು ಬರೆದ 80 ಆವೃತ್ತಿಗಳು. ಪೈಥಾನ್, ಪರ್ಲ್, ರೆಕ್ಸ್, ಟಿಕಲ್‌ಗಳಲ್ಲಿ ಬರೆದವರು ಸಿ, ಸಿ ಪ್ಲಸ್ ಪ್ಲಸ್, ಜಾವಾದಲ್ಲಿ ಬರೆದವರಿಗಿಂತ ಸುಮಾರು ಅರ್ಧ ಸಮಯದಲ್ಲಿ ಮುಗಿಸಿದ್ದರು, ಕೋಡಿನ ಉದ್ದವೂ ಅರ್ಧವೇ ಇತ್ತು. ಸ್ಕ್ರಿಪ್ಟಿಂಗ್ ಭಾಷೆಗಳ ಅಭಿಮಾನಿಗಳು ಇಷ್ಟನ್ನೇ ಎತ್ತಿ ಆಡುತ್ತಾರೆ. ಅದೇ ಅಧ್ಯಯನದ ಇನ್ನೊಂದು ಮಾತು ಅವರಿಗೆ ಅಷ್ಟು ರುಚಿಸುವುದಿಲ್ಲ: ಭಾಷೆ ಬದಲಾದಾಗ ಆಗುವ ವ್ಯತ್ಯಾಸಕ್ಕಿಂತ, ಒಂದೇ ಭಾಷೆಯಲ್ಲಿ ಬರೆಯುವ ಇಬ್ಬರ ನಡುವಿನ ವ್ಯತ್ಯಾಸ ಹೆಚ್ಚು.

2014ರಲ್ಲಿ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನ ನೂರಾರು ಪ್ರಾಜೆಕ್ಟುಗಳನ್ನು ಜಾಲಾಡಿ, ಯಾವ ಭಾಷೆಯಲ್ಲಿ ಬಗ್ ಹೆಚ್ಚು ಎಂದು ಲೆಕ್ಕ ಹಾಕಿದ ಇನ್ನೊಂದು ಅಧ್ಯಯನ ಬಂತು. 2019ರಲ್ಲಿ ಬೇರೊಂದು ತಂಡ ಅದೇ ಮಾಹಿತಿಯನ್ನು ಮತ್ತೆ ಪರಿಶೀಲಿಸಿದಾಗ ಹೆಚ್ಚಿನ ತೀರ್ಮಾನಗಳು ನಿಲ್ಲಲಿಲ್ಲ. ನಿಂತವುಗಳ ಪರಿಣಾಮವೂ ತೀರಾ ಸಣ್ಣದು.

ಅಂದರೆ ಹೊರಗಿನ ಅಂಕಿಗಳಿಂದ ನಿಮ್ಮ ತೀರ್ಮಾನ ಸಿಗುವುದಿಲ್ಲ. ನಿಮ್ಮ ಕೋಣೆಯಲ್ಲಿ ಕೂತಿರುವವರು ಯಾರು ಎಂಬುದು ಭಾಷೆಗಿಂತ ದೊಡ್ಡ ಅಂಶ.

ಹೆಜ್ಜೆ 3: ಜನರನ್ನು ಎಣಿಸಿ

ಹಾಸನದಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ, ಚಿಕ್ಕಮಗಳೂರಿನಲ್ಲಿ 1980ರಿಂದ ಆದಿಚುಂಚನಗಿರಿ ತಾಂತ್ರಿಕ ಕಾಲೇಜಿದೆ. ಸರ್ಕಾರಿ ಕಾಲೇಜು, ಪಾಲಿಟೆಕ್ನಿಕ್, ಬಿಸಿಎ ಓದಿದವರೂ ಇದ್ದಾರೆ. ಅಲ್ಲಿಂದ ಬರುವ ಹುಡುಗ ಹುಡುಗಿಯರು ಸಿ, ಜಾವಾ, ಪೈಥಾನ್, ಒಂದಿಷ್ಟು ಎಸ್‌ಕ್ಯೂಎಲ್ ಮುಟ್ಟಿರುತ್ತಾರೆ. ಗೋ, ರಸ್ಟ್, ಎಲಿಕ್ಸಿರ್ ಬಲ್ಲವರು ಸಿಕ್ಕರೆ ಅದು ಅವರ ಸ್ವಂತ ಆಸಕ್ತಿ. ಅಂಥವರನ್ನು ಕೈಬಿಡಬೇಡಿ, ಆದರೆ ಅವರೊಬ್ಬರನ್ನೇ ನಂಬಿ ಇಡೀ ಸ್ಟ್ಯಾಕ್ ಕಟ್ಟಲೂಬೇಡಿ.

ಯಾಕೆಂದರೆ ಅವರು ಹೋಗುತ್ತಾರೆ. ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು ಬಂದದ್ದು 2017ರಲ್ಲಿ. ಅಂದಿನಿಂದ ಊರಿಗೆ ಬರುವುದೂ ಸಲೀಸು, ಊರು ಬಿಡುವುದೂ ಸಲೀಸು. ಇದರ ಮೇಲೆ ಸಿಟ್ಟಾಗಿ ಫಲವಿಲ್ಲ, ಲೆಕ್ಕಕ್ಕೆ ಹಿಡಿಯಬೇಕು ಅಷ್ಟೆ. ಪ್ರತಿ ಸ್ಟ್ಯಾಕಿನ ಮುಂದೆ ಎರಡು ಉತ್ತರ ಬರೆಯಿರಿ: ಈಗ ನಮ್ಮಲ್ಲಿ ಇದನ್ನು ಬಲ್ಲವರು ಎಷ್ಟು ಜನ? ಮುಖ್ಯ ವ್ಯಕ್ತಿ ನಾಳೆ ಬಿಟ್ಟರೆ, ಈ ಜಿಲ್ಲೆಯಲ್ಲೇ ಸಿಗುವ ಹೊಸಬರು ಈ ಕೋಡ್ ಓದಿ ಒಂದು ಚಿಕ್ಕ ಬದಲಾವಣೆ ಮಾಡಲು ಎಷ್ಟು ಕಾಲ ಬೇಕು? ಎರಡನೆಯ ಉತ್ತರ ತಿಂಗಳುಗಳಲ್ಲಿದ್ದರೆ ಆ ಸ್ಟ್ಯಾಕನ್ನು ಇಲ್ಲೇ ಹೊಡೆದುಹಾಕಿ. ಎಷ್ಟೇ ಚಂದವಿರಲಿ.

ಹೆಜ್ಜೆ 4: ಎರಡು ಮೂರಕ್ಕೆ ಇಳಿಸಿ

ಹತ್ತು ಸ್ಟ್ಯಾಕ್‌ಗಳನ್ನು ಹೋಲಿಸುವುದು ಕೆಲಸ ಮುಂದೂಡುವ ಗೌರವಾನ್ವಿತ ದಾರಿ. ಸಾಮಾನ್ಯವಾಗಿ ಚರ್ಚೆಗೆ ಬರುವ ಹೆಸರುಗಳ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದಿದ್ದರೆ ನಿಮ್ಮದನ್ನು ಬರೆದುಕೊಳ್ಳಿ.

ಪೈಥಾನ್ ಜತೆ ಜ್ಯಾಂಗೋ. ಅಮೆರಿಕದ ಕಾನ್ಸಸ್ ರಾಜ್ಯದ ಒಂದು ಪತ್ರಿಕಾ ಕಚೇರಿಯಲ್ಲಿ ಹುಟ್ಟಿ, 2005ರಲ್ಲಿ ಹೊರಬಂದ ಫ್ರೇಮ್‌ವರ್ಕ್ ಇದು. ಸಂಜೆಯೊಳಗೆ ಕೆಲಸ ಮುಗಿಯಬೇಕೆಂಬ ಪತ್ರಿಕೆಯವರ ಅವಸರ ಅದರ ಒಳಗೆ ಇಂದಿಗೂ ಕಾಣುತ್ತದೆ. ಕೋಷ್ಟಕಗಳನ್ನು ವಿವರಿಸಿದರೆ ಸಾಕು, ಮಾಹಿತಿ ಸೇರಿಸಿ ತಿದ್ದುವ ಅಡ್ಮಿನ್ ಪರದೆ ತಾನೇ ಸಿದ್ಧವಾಗುತ್ತದೆ. ನಮ್ಮ ಕಾಫಿ ವ್ಯಾಪಾರಿಯ ಬೆಳೆಗಾರರ ಪಟ್ಟಿ, ದಿನದ ದರ, ಬಳಕೆದಾರರು ಇಷ್ಟಕ್ಕೆ ಬೇರೆ ಪರದೆ ಬರೆಯುವ ಗೋಜೇ ಇಲ್ಲ. ಒಳಕೆಲಸದ ಸಾಫ್ಟ್‌ವೇರಿಗೆ ನಾನು ಮೊದಲು ನೋಡುವುದು ಇದನ್ನೇ.

ಪಿಎಚ್‌ಪಿ ಜತೆ ಲಾರಾವೆಲ್. ಕಾಲೇಜು ಹುಡುಗರು ಪಿಎಚ್‌ಪಿ ಎಂದರೆ ಮೂಗು ಮುರಿಯುತ್ತಾರೆ, ಅದು ಅನ್ಯಾಯ. ಅಗ್ಗದ ಹೋಸ್ಟಿಂಗ್‌ನಲ್ಲೂ ಓಡುತ್ತದೆ, ಬಲ್ಲವರು ತಾಲ್ಲೂಕು ಮಟ್ಟದಲ್ಲೂ ಸಿಗುತ್ತಾರೆ, ಫೈಲ್ ಬದಲಿಸಿದ ಕೂಡಲೇ ಫಲಿತಾಂಶ ಕಾಣುತ್ತದೆ. ಅಪಾಯ ಬೇರೆ ಕಡೆ ಇದೆ: ಇಂಟರ್‌ನೆಟ್ಟಿನಲ್ಲಿ ಬಿದ್ದಿರುವ ಪಿಎಚ್‌ಪಿ ಪಾಠಗಳಲ್ಲಿ ಹಳತು, ಅಸುರಕ್ಷಿತವಾದದ್ದು ತುಂಬ ಇದೆ, ಹೊಸಬರು ಅದನ್ನೇ ನಕಲು ಮಾಡುತ್ತಾರೆ.

ಜಾವಾ ಜತೆ ಸ್ಪ್ರಿಂಗ್ ಬೂಟ್. ಗಟ್ಟಿ ಟೈಪುಗಳು (ಸಂಖ್ಯೆ ಇರಬೇಕಾದಲ್ಲಿ ಪದ ಬಂದರೆ ಓಡಿಸುವ ಮುಂಚೆಯೇ ತಪ್ಪು ತೋರಿಸುವ ಕಟ್ಟುನಿಟ್ಟು), ಒಳ್ಳೆಯ ಎಡಿಟರ್ ಬೆಂಬಲ, ಕಾಲೇಜಿನಲ್ಲೇ ಓದಿದ ಭಾಷೆ. ಆದರೆ ನಾಲ್ಕು ಜನರ ತಂಡಕ್ಕೆ ಅದರ ಶಾಸ್ತ್ರ ಸಂಪ್ರದಾಯ ಹೆಚ್ಚಾಯಿತು ಅನ್ನಿಸುತ್ತದೆ. ಗಿರಾಕಿ ಬ್ಯಾಂಕಾದರೆ ಮಾತು ಬೇರೆ.

ಟೈಪ್‌ಸ್ಕ್ರಿಪ್ಟ್, ನೋಡ್, ರಿಯಾಕ್ಟ್. ಸರ್ವರಿನಲ್ಲಿ ನೋಡ್, ಬ್ರೌಸರಿನಲ್ಲಿ ರಿಯಾಕ್ಟ್, ಎರಡಕ್ಕೂ ಒಂದೇ ಭಾಷೆ ಎಂಬ ಅನುಕೂಲ ನಿಜವಾದದ್ದು. ಡೇಟಾಬೇಸಿಗೊಂದು ಲೈಬ್ರರಿ, ಲಾಗಿನ್‌ಗೊಂದು, ಫಾರಂಗೊಂದು ಎಂದು ಪ್ರತಿಯೊಂದನ್ನೂ ನೀವೇ ಆರಿಸಿ ಜೋಡಿಸಬೇಕೆಂಬ ತಲೆನೋವೂ ಅಷ್ಟೇ ನಿಜ. ಎರಡು ವರ್ಷ ಬಿಟ್ಟು ತೆರೆದರೆ ಅರ್ಧ ಪ್ಯಾಕೇಜುಗಳು ಬೇರೆ ದಾರಿ ಹಿಡಿದಿರುತ್ತವೆ.

ಗೋ. 2009ರಲ್ಲಿ ಗೂಗಲ್ ಹೊರಬಿಟ್ಟ ಪುಟ್ಟ ಭಾಷೆ. ಇಡೀ ಪ್ರೋಗ್ರಾಮ್ ಒಂದೇ ಫೈಲ್ ಆಗಿ ಬರುತ್ತದೆ. ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಕೂತು ವಿಂಡೋಸಿಗೆ ಬೇಕಾದ ಫೈಲ್ ತಯಾರಿಸಿ, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋದರೆ ಕೆಲಸ ಆಯಿತು. ಇಂಟರ್‌ನೆಟ್ ನೆಚ್ಚಲಾಗದ ಕೌಂಟರಿಗೆ ಇದು ದೊಡ್ಡ ಗುಣ. ಬದಲಿಗೆ ಹೆಚ್ಚು ಸಾಲು ಬರೆಯಬೇಕು, ಸಿದ್ಧ ಅಡ್ಮಿನ್ ಪರದೆ ಇಲ್ಲ.

ಸಿ ಶಾರ್ಪ್ ಬಗ್ಗೆ ನಮ್ಮ ಕಡೆ ಮಾತಾಡುವುದೇ ಕಡಿಮೆ. ವಿಂಡೋಸ್ ಕೌಂಟರ್, ಪ್ರಿಂಟರ್, ತೂಕದ ಯಂತ್ರ ಇರುವ ಕಡೆ ಅದನ್ನು ಪಟ್ಟಿಯಲ್ಲಿಡದಿದ್ದರೆ ನಿಮಗೇ ನಷ್ಟ. ರಸ್ಟ್ ಕಲಿಯಿರಿ, ಖುಷಿ ಕೊಡುತ್ತದೆ. ಖರೀದಿ ಚೀಟಿ ಬರೆಯಲು ಅಷ್ಟು ದೊಡ್ಡ ಆಯುಧ ಬೇಕಿಲ್ಲ. ಯಜಮಾನರ ಫೋನಿಗೆ ಫ್ಲಟರ್ ಆ್ಯಪ್ ಬೇಕೇ ಎಂದರೆ, ಬರಿ ವರದಿ ನೋಡುವುದಾದರೆ ಬ್ರೌಸರಿನಲ್ಲಿ ತೆರೆಯುವ ಒಂದು ಪುಟ ಸಾಕು.

ಉದಾಹರಣೆಗೆ ನಮ್ಮ ಕೆಲಸಕ್ಕೆ ಜ್ಯಾಂಗೋ ಮತ್ತು ಗೋ ಎರಡನ್ನು ಉಳಿಸಿಕೊಳ್ಳೋಣ.

ಹೆಜ್ಜೆ 5: ಕನ್ನಡದ ಪರೀಕ್ಷೆ

ಇಂಗ್ಲಿಷಿನಲ್ಲಿ ಬರುವ ಹೋಲಿಕೆ ಲೇಖನಗಳಲ್ಲಿ ಈ ಹೆಜ್ಜೆಯೇ ಇರುವುದಿಲ್ಲ. ನಮ್ಮ ತಂಡಗಳ ಸಮಯ ಹೆಚ್ಚು ಸೋರುವುದು ಇಲ್ಲೇ. ಆದ್ದರಿಂದ ಆರಿಸುವ ಮುಂಚೆಯೇ ಪರೀಕ್ಷಿಸಿ.

ಮೊದಲಿಗೆ "ಸಕಲೇಶಪುರ" ಎಂಬ ಹೆಸರಿನ ಉದ್ದ ಕೇಳಿ. ಕಣ್ಣಿಗೆ ಕಾಣುವುದು ಆರು ಅಕ್ಷರ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ 8 ಎನ್ನುತ್ತವೆ, ಏಕೆಂದರೆ ಏತ್ವ ಮತ್ತು ಕೊಂಬು ಯೂನಿಕೋಡಿನಲ್ಲಿ ಬೇರೆ ಸಂಕೇತಗಳು. ಗೋ, ರಸ್ಟ್, ಪಿಎಚ್‌ಪಿಯ ಹಳೆಯ ಸ್ಟ್ರ್‌ಲೆನ್ 24 ಎನ್ನುತ್ತವೆ. ಅವು ಬೈಟ್ ಎಣಿಸುತ್ತವೆ, ಪಠ್ಯ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ಯಾವುದೂ ತಪ್ಪಲ್ಲ, ಆದರೆ ಚೀಟಿಯಲ್ಲಿ ಹೆಸರನ್ನು ಇಪ್ಪತ್ತು ಬೈಟಿಗೆ ಕತ್ತರಿಸುವ ಕೋಡ್ ಇದ್ದರೆ ಕೊನೆಯ ಅಕ್ಷರ ಒಡೆದು ಚೌಕವಾಗಿ ಬರುತ್ತದೆ. ಗ್ರಾಹಕರಿಗೆ ಎಸ್‌ಎಂಎಸ್ ಕಳಿಸುವುದಿದ್ದರೆ ಇದನ್ನೂ ಗುರುತು ಹಾಕಿಕೊಳ್ಳಿ: ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಸಂಕೇತ ಮಾತ್ರ.

ಎರಡನೆಯದು ಹುಡುಕಾಟ. "ಲೇ" ಎಂಬುದನ್ನು ಒಂದೇ ಸಂಕೇತದ ಏತ್ವ ಹಾಕಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಎಂದು ಎರಡು ಸಂಕೇತ ಕೂಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಡೇಟಾಬೇಸಿಗೆ ಎರಡೂ ಬೇರೆ. ಇದರಿಂದಾಗಿ ಪಟ್ಟಿಯಲ್ಲಿ ಕಣ್ಣೆದುರಿಗಿರುವ ಬೆಳೆಗಾರರ ಹೆಸರು ಹುಡುಕಿದರೆ ಸಿಗುವುದಿಲ್ಲ. ಒಳಬರುವ ಎಲ್ಲ ಪಠ್ಯವನ್ನೂ, ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತರಬೇಕು. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್‌ಗಳಲ್ಲಿ ಆ ಸೌಲಭ್ಯ ಭಾಷೆಯ ಜತೆಗೇ ಬರುತ್ತದೆ, ಗೋದಲ್ಲಿ ಪಕ್ಕದ ಪ್ಯಾಕೇಜ್ ತರಿಸಿಕೊಳ್ಳಬೇಕು. ಹೆಸರುಗಳ ಮಧ್ಯೆ ಕಾಣದಂತೆ ಕೂತಿರುವ ಜೋಡಿಸುವ, ಬಿಡಿಸುವ ಸಂಕೇತಗಳನ್ನೂ ಹುಡುಕುವಾಗ ಕಳಚಿ.

ಮೂರನೆಯದು ಮುದ್ರಣ, ಇದೇ ದೊಡ್ಡ ಗಂಡಾಂತರ. ಎಷ್ಟೋ ಪಿಡಿಎಫ್ ಲೈಬ್ರರಿಗಳಿಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. "ಕೃಷ್ಣಪ್ಪ" ಎಂದು ಕೊಟ್ಟರೆ ವಟ್ರಸುಳಿ, ಒತ್ತು ಎಲ್ಲ ಚೆಲ್ಲಾಪಿಲ್ಲಿಯಾದ ಇನ್ನೇನೋ ಬರುತ್ತದೆ. ಕ್ರೋಮ್, ಫೈರ್‌ಫಾಕ್ಸ್‌ನಂಥ ಬ್ರೌಸರ್‌ಗಳು ಹಾರ್ಫ್‌ಬಜ್ ಎಂಬ ಎಂಜಿನ್ ಬಳಸಿ ಇದನ್ನು ಸರಿಯಾಗಿ ಮಾಡುತ್ತವೆ. ಹಾಗಾಗಿ ಎಚ್‌ಟಿಎಂಎಲ್ ಬರೆದು, ಕಿಟಕಿ ತೆರೆಯದೆ ಹಿನ್ನೆಲೆಯಲ್ಲಿ ಓಡುವ (ಹೆಡ್‌ಲೆಸ್) ಕ್ರೋಮ್ ಮೂಲಕ ಪಿಡಿಎಫ್ ಮಾಡಿಸುವುದು ಯಾವ ಭಾಷೆಗಾದರೂ ನಂಬಬಹುದಾದ ದಾರಿ. ಥರ್ಮಲ್ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡದ ಅಕ್ಷರಗಳೇ ಇರುವುದಿಲ್ಲ. ಚೀಟಿಯನ್ನು ಚಿತ್ರವಾಗಿ ಮಾಡಿ ಕಳಿಸಬೇಕು. ಇದನ್ನು ನಿಮ್ಮ ಸ್ಟ್ಯಾಕಿನಲ್ಲಿ ನಿಜವಾದ ಪ್ರಿಂಟರ್ ಮುಂದೆ ಕೂತು ಮಾಡಿ ನೋಡಿ. ಎಮ್ಯುಲೇಟರ್ ಮಾತು ನಂಬಬೇಡಿ.

ಇನ್ನೆರಡು ಬೇಗ ಮುಗಿಯುವ ಪರೀಕ್ಷೆಗಳಿವೆ. ಎರಡೂವರೆ ಲಕ್ಷ ದಾಟಿದ ಮೊತ್ತ 2,59,160 ಎಂದು ಬರಬೇಕು, 259,160 ಎಂದಲ್ಲ. ಜಾವಾಸ್ಕ್ರಿಪ್ಟಿನ ಇಂಟ್ಲ್‌ಗೆ en-IN ಎಂದು ಹೇಳಿದರೆ ಇದನ್ನು ಸರಿಯಾಗಿ ಮಾಡುತ್ತದೆ, ಪಿಎಚ್‌ಪಿಯ ನಂಬರ್ ಫಾರ್ಮ್ಯಾಟ್ ಮಾಡುವುದಿಲ್ಲ. ಹಣವನ್ನು, ದಶಮಾಂಶಗಳನ್ನು ಅಂದಾಜಾಗಿ ಹಿಡಿಯುವ ಫ್ಲೋಟ್‌ನಲ್ಲಿ ಇಡಲೇಬೇಡಿ, 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುವುದು ಬಹುತೇಕ ಎಲ್ಲ ಭಾಷೆಗಳಲ್ಲೂ ಒಂದೇ. ಪೈಥಾನ್, ಜಾವಾ, ಸಿ ಶಾರ್ಪ್‌ಗಳಲ್ಲಿ ಇದಕ್ಕೆ ಪ್ರತ್ಯೇಕ ಡೆಸಿಮಲ್ ವ್ಯವಸ್ಥೆ ಇದೆ. ಉಳಿದ ಕಡೆ ಪೈಸೆ ಲೆಕ್ಕದಲ್ಲಿ ಪೂರ್ಣಾಂಕ ಇಡಿ. ಗಿರಾಕಿಯ ಹಳೆಯ ಕಡತ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಯೂನಿಕೋಡಿಗೆ ತರುವ ಕೆಲಸವನ್ನೂ ಅಂದಾಜಿನಲ್ಲಿ ಸೇರಿಸಿ.

ಹೆಜ್ಜೆ 6: ಮಳೆಗಾಲದ ಪರೀಕ್ಷೆ

ಜೂನ್ ಹಿಡಿದರೆ ಸಕಲೇಶಪುರ, ಮೂಡಿಗೆರೆ ಕಡೆ ಮರ ಬಿದ್ದು ಲೈನ್ ಹೋಗುವುದು ಹೊಸ ಸುದ್ದಿಯಲ್ಲ. "ಕರೆಂಟ್ ಹೋದ್ರೆ ಬಿಲ್ಲೂ ಹೋಗುತ್ತಾ ಸಾರ್?" ಎಂದು ಗಿರಾಕಿ ಕೇಳುವ ಮುಂಚೆ ನೀವೇ ಕೇಳಿಕೊಳ್ಳಿ.

ಒಂದು ಖಾಲಿ ಲ್ಯಾಪ್‌ಟಾಪ್ ತಗೊಳ್ಳಿ, 8 ಜಿಬಿ ಮೆಮೊರಿಯದ್ದು ಸಾಕು, ನಿಮ್ಮ ಹುಡುಗರ ಬಳಿ ಇರುವುದೂ ಅದೇ ತಾನೆ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ, ಏನೂ ಇಲ್ಲದ ಸ್ಥಿತಿಯಿಂದ ಪ್ರಾಜೆಕ್ಟ್ ಓಡುವ ಸ್ಥಿತಿಗೆ ಬರಲು ಎಷ್ಟು ಹೊತ್ತು, ಎಷ್ಟು ಡೇಟಾ ಎಂದು ಬರೆದುಕೊಳ್ಳಿ. ಫೋನ್ ಆ್ಯಪ್ ಕಟ್ಟುವ ಆ್ಯಂಡ್ರಾಯ್ಡ್ ಸ್ಟುಡಿಯೋ ಮತ್ತು ಗ್ರೇಡಲ್ ಎಳೆದುಕೊಳ್ಳುವ ಜಿಬಿಗಳನ್ನು ನೋಡಿದರೆ, ಹೊಸಬರ ಮೊದಲ ದಿನ ಯಾಕೆ ಖಾಲಿ ಹೋಗುತ್ತದೆ ಎಂದು ತಿಳಿಯುತ್ತದೆ. ನೋಡ್ ಪ್ಯಾಕೇಜುಗಳು, ಡಾಕರ್ ಇಮೇಜುಗಳು (ಪ್ರೋಗ್ರಾಮ್ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಕಟ್ಟಿಟ್ಟ ಗಂಟುಗಳು) ಕೂಡ ಕಮ್ಮಿಯೇನಲ್ಲ. ಆಮೇಲೆ ನೆಟ್ ಪೂರ್ತಿ ಆರಿಸಿ, ಒಂದು ಸಾಲು ಬದಲಿಸಿ, ಮತ್ತೆ ಬಿಲ್ಡ್ ಮಾಡಿ. ಆಗದಿದ್ದರೆ ಗುರುತು ಹಾಕಿ.

ಗಿರಾಕಿಯ ಕಡೆಯ ಯಂತ್ರವನ್ನೂ ಖುದ್ದಾಗಿ ನೋಡಿ ಬನ್ನಿ. ಕೌಂಟರಿನಲ್ಲಿ ವಿಂಡೋಸ್ 7 ಇನ್ನೂ ಉಸಿರಾಡುತ್ತಿದ್ದರೆ ನಿಮ್ಮ ಆಯ್ಕೆಗಳು ಕಿರಿದಾಗುತ್ತವೆ: ಅದರ ಮೇಲೆ ಓಡುವ ಕೊನೆಯ ಗೋ ಆವೃತ್ತಿ 1.20, ಕೊನೆಯ ಪೈಥಾನ್ 3.8, ಕೊನೆಯ ಕ್ರೋಮ್ 109. ಹೊಸ ಕಂಪ್ಯೂಟರಿನ ಬೆಲೆಯನ್ನು ಕೊಟೇಶನ್ನಿನಲ್ಲಿ ಸೇರಿಸುವುದೇ ಅಗ್ಗ.

ಕೊನೆಗೆ, ಚೀಟಿ ಉಳಿಸುತ್ತಿರುವ ಗಳಿಗೆಯಲ್ಲೇ ಪ್ಲಗ್ ಕಿತ್ತು ನೋಡಿ. ಎಸ್‌ಕ್ಯೂಲೈಟ್, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಎರಡೂ ಇಂಥ ಹೊಡೆತ ತಡೆಯಲೆಂದೇ ರೂಪಿಸಿದವು, ಸೆಟ್ಟಿಂಗ್ ಕೆಡಿಸದಿದ್ದರೆ. ಬರಿ ಜೇಸನ್ ಫೈಲಿನಲ್ಲಿ ಲೆಕ್ಕ ಇಟ್ಟಿದ್ದರೆ ಆ ಫೈಲ್ ಅರ್ಧಕ್ಕೆ ನಿಂತಿರುವುದು ನಿಮ್ಮ ಕಣ್ಣಿಗೇ ಬೀಳಬಹುದು.

ಹೆಜ್ಜೆ 7: ಒಂದು ತುಂಡು ಕಟ್ಟಿ, ಕೈ ಬದಲಿಸಿ

ಈಗ ನಿಜವಾದ ಅಳತೆ. ಇಡೀ ಸಾಫ್ಟ್‌ವೇರ್ ಬೇಡ, ಮೇಲಿನಿಂದ ಕೆಳಗಿನವರೆಗೆ ಹೋಗುವ ಎರಡು ತುಂಡು ಆರಿಸಿ. ಒಂದು: ತೂಕ ಮತ್ತು ಔಟ್‌ಟರ್ನ್ ನಮೂದಿಸಿದರೆ ಕನ್ನಡದ ಚೀಟಿ ಬರುವುದು. ಎರಡು: ಮುಂಗಡದ ಖಾತೆ, ಜತೆಗೆ ಟ್ಯಾಲಿಗೆ ಎಕ್ಸ್‌ಎಂಎಲ್ ಕಳಿಸುವುದು.

ಒಬ್ಬರೇ ಒಂದೇ ತುಂಡನ್ನು ಎರಡು ಭಾಷೆಯಲ್ಲಿ ಬರೆದರೆ ಎರಡನೆಯ ಸಲ ಬೇಗ ಮುಗಿಯುತ್ತದೆ, ಯಾಕೆಂದರೆ ಸಮಸ್ಯೆ ಆಗಲೇ ತಲೆಯಲ್ಲಿದೆ. ಆ ಲಾಭ ಎರಡನೆಯ ಭಾಷೆಯ ಖಾತೆಗೆ ಜಮಾ ಆಗಿಬಿಡುತ್ತದೆ. ಹಾಗಾಗಿ ಅಡ್ಡಡ್ಡ ಹಂಚಿ. ಮೊದಲನೆಯವರು ಚೀಟಿಯನ್ನು ಜ್ಯಾಂಗೋದಲ್ಲಿ, ಮುಂಗಡವನ್ನು ಗೋದಲ್ಲಿ. ಎರಡನೆಯವರು ಚೀಟಿಯನ್ನು ಗೋದಲ್ಲಿ, ಮುಂಗಡವನ್ನು ಜ್ಯಾಂಗೋದಲ್ಲಿ. ತಂಡದ ಅತಿ ಚುರುಕಾದವರನ್ನು ಈ ಪ್ರಯೋಗಕ್ಕೆ ಹಾಕಬೇಡಿ; ಅವರು ಯಾವುದರಲ್ಲಾದರೂ ಮುಗಿಸುತ್ತಾರೆ, ನಿಮಗೇನೂ ತಿಳಿಯುವುದಿಲ್ಲ.

ಸಮಯವನ್ನು ಅಂದಾಜಿನಲ್ಲಿ ಹೇಳಿಸಬೇಡಿ, ಆಗಿಂದಾಗಲೇ ಬರೆಸಿ. ಇದಕ್ಕೆ ಕಾರಣ ಇದೆ. 2025ರಲ್ಲಿ ಮೀಟರ್ ಎಂಬ ಸಂಸ್ಥೆ 16 ಮಂದಿ ಅನುಭವಿ ಓಪನ್ ಸೋರ್ಸ್ ಡೆವಲಪರ್‌ಗಳಿಗೆ 246 ಕೆಲಸ ಕೊಟ್ಟು, ಕೆಲವನ್ನು ಎಐ ನೆರವಿನಿಂದ, ಕೆಲವನ್ನು ಅದಿಲ್ಲದೆ ಮಾಡಿಸಿತು. ಎಐ ಬಳಸಿದಾಗ ಸಮಯ ಸುಮಾರು ಶೇ 20 ಉಳಿಯಿತು ಎಂದು ಕೆಲಸ ಮುಗಿದ ಮೇಲೂ ಅವರು ನಂಬಿದ್ದರು. ಗಡಿಯಾರದ ಪ್ರಕಾರ ಶೇ 19 ಹೆಚ್ಚೇ ಹಿಡಿದಿತ್ತು. ಎಐ ಉಪಯೋಗವಿಲ್ಲ ಎಂದು ಇದರಿಂದ ಹೇಳಲು ಬರುವುದಿಲ್ಲ. ಅವರು ವರ್ಷಗಟ್ಟಲೆ ಪಳಗಿದ ಕೋಡಿನ ಮೇಲೆ ಕೆಲಸ ಮಾಡುತ್ತಿದ್ದವರು. ಆದರೆ "ಬೇಗ ಆಯ್ತು ಅನ್ನಿಸ್ತು" ಎಂಬ ಮಾತಿಗೆ ಬೆಲೆ ಎಷ್ಟು ಎಂಬುದು ತಿಳಿಯಿತಲ್ಲ. ನಿಮ್ಮ ತಂಡ ಎಐ ಬಳಸುವುದಾದರೆ ಎರಡೂ ಭಾಷೆಗೂ ಸಮನಾಗಿ ಬಳಸಲಿ.

ತುಂಡುಗಳು ಮುಗಿದ ಮೇಲೆ ಪ್ರಯೋಗದ ಮುಖ್ಯ ಭಾಗ ಶುರು. ಗಿರಾಕಿಯ ಧ್ವನಿಯಲ್ಲಿ ಒಂದು ಬದಲಾವಣೆ ಕೇಳಿ: "ಇದು ಅಣ್ಣ ತಮ್ಮ ಇಬ್ಬರ ತೋಟದ ಕಾಫಿ. ಚೀಟಿ ಒಂದೇ ಇರಲಿ, ದುಡ್ಡು ಅರ್ಧರ್ಧ ಇಬ್ಬರ ಖಾತೆಗೆ ಹೋಗಲಿ, ಮುಂಗಡ ಮಾತ್ರ ಅಣ್ಣನ ಪಾಲಿನಲ್ಲಿ ಮುರಿಯಲಿ." ಈ ಬದಲಾವಣೆಯನ್ನು ಕೋಡ್ ಬರೆದವರು ಮಾಡಬಾರದು, ಇನ್ನೊಬ್ಬರು ಮಾಡಬೇಕು. ಪಕ್ಕದಲ್ಲಿ ಕೂತು ನೋಡಿ. ಜಾಗ ಹುಡುಕಲು ಎಷ್ಟು ಹೊತ್ತು ತಗೊಂಡರು? ಬರೆದವರನ್ನು ಎಷ್ಟು ಸಲ ಕೇಳಿದರು? ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಮರೆತಾಗ ಹಿಡಿದುಕೊಟ್ಟದ್ದು ಕಂಪೈಲರೋ, ಟೆಸ್ಟೋ, ಪ್ರಿಂಟಾದ ಚೀಟಿಯೋ? ಗಟ್ಟಿ ಟೈಪುಗಳಿರುವ ಭಾಷೆಗಳು ಮೊದಲ ದಿನ ಕಳೆದುಕೊಂಡದ್ದನ್ನು ಇಲ್ಲಿ ವಾಪಸ್ ಗಳಿಸುವುದುಂಟು. ಗಳಿಸದೆಯೂ ಇರಬಹುದು, ಅದಕ್ಕೇ ಅಳೆಯುವುದು. ಬದಲಾದ ಆವೃತ್ತಿಯನ್ನು ಕೌಂಟರಿನ ಯಂತ್ರಕ್ಕೆ ತಲುಪಿಸುವವರೆಗೆ ಗಡಿಯಾರ ನಿಲ್ಲಿಸಬೇಡಿ.

ಇಬ್ಬರ ಮೇಲೆ ನಡೆದ ಪ್ರಯೋಗ ವಿಜ್ಞಾನವಲ್ಲ. ಒಂದಕ್ಕೆ ಇನ್ನೊಂದರ ಎರಡರಷ್ಟು ಹೊತ್ತು ಹಿಡಿದಿದ್ದರೆ ಆ ಅಂತರಕ್ಕೆ ಬೆಲೆ ಕೊಡಿ. ಕಾಲುಭಾಗದ ವ್ಯತ್ಯಾಸವಿದ್ದರೆ ಸಮ ಎಂದು ಬರೆದು, ಮೂರನೆಯ ಹೆಜ್ಜೆಯ ಹಾಳೆಗೆ ಹಿಂತಿರುಗಿ.

ಹೆಜ್ಜೆ 8: ಆಯಸ್ಸು ನೋಡಿ

ಚೀಟಿ ಹಾಕುವ ಸಾಫ್ಟ್‌ವೇರ್ ಹತ್ತು ವರ್ಷ ಓಡುವುದು ಅಪರೂಪವೇನಲ್ಲ. ಕೆಳಗಿನ ನೆಲ ಅಷ್ಟು ವರ್ಷ ಇರುತ್ತದೆಯೇ? ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ನಿಂತಿತು, ಆ್ಯಂಗ್ಯುಲರ್‌ಜೆಎಸ್‌ನದು 2021ರ ಕೊನೆಗೆ. ಅವನ್ನು ನಂಬಿದ್ದವರು ಹೊಸದೊಂದು ಸೌಲಭ್ಯವೂ ಸೇರದ ಮರುಬರವಣಿಗೆಗೆ ಕೂರಬೇಕಾಯಿತು, ಗಿರಾಕಿ ಅದಕ್ಕೆ ದುಡ್ಡು ಕೊಡುವುದಿಲ್ಲ.

ಈಗಿನ ಲೆಕ್ಕ ಹೀಗಿದೆ. ಪೈಥಾನಿನ ಪ್ರತಿ ಆವೃತ್ತಿಗೆ ಐದು ವರ್ಷ. ಜ್ಯಾಂಗೋದ ದೀರ್ಘಾವಧಿ ಆವೃತ್ತಿಗೆ ಮೂರು ವರ್ಷ. 2025ರ ಏಪ್ರಿಲ್‌ನಲ್ಲಿ ಬಂದ 5.2ಕ್ಕೆ 2028ರ ಏಪ್ರಿಲ್‌ವರೆಗೆ. ಲಾರಾವೆಲ್‌ಗೆ ಭದ್ರತಾ ತಿದ್ದುಪಡಿ ಎರಡು ವರ್ಷ ಮಾತ್ರ. ಗೋ 1ಕ್ಕೆ ಬರೆದ ಕೋಡ್ ಮುಂದಿನ ಆವೃತ್ತಿಗಳಲ್ಲೂ ಕಂಪೈಲ್ ಆಗಬೇಕೆಂಬ ವಾಗ್ದಾನ 2012ರಿಂದ ಇದೆ, ಬಹುಮಟ್ಟಿಗೆ ನಡೆದುಕೊಂಡೂ ಬಂದಿದ್ದಾರೆ. ಎಸ್‌ಕ್ಯೂಲೈಟ್‌ನವರು 2050ರವರೆಗೆ ನೋಡಿಕೊಳ್ಳುವ ಉದ್ದೇಶ ಘೋಷಿಸಿದ್ದಾರೆ. ಪ್ರತಿ ಸ್ಟ್ಯಾಕಿಗೂ ವರ್ಷಕ್ಕೆ ಎಷ್ಟು ದಿನ ಅಪ್‌ಗ್ರೇಡಿಗೆ ಹೋಗುತ್ತದೆ ಎಂದು ಅಂದಾಜಿಸಿ, ಅದನ್ನು ನಿರ್ವಹಣಾ ಒಪ್ಪಂದದಲ್ಲಿ ಹಾಕಿ.

ಹೆಜ್ಜೆ 9: ತೀರ್ಮಾನವನ್ನು ಬರೆದಿಡಿ

ಒಂದು ಪುಟ ಸಾಕು. ಯಾವುದನ್ನು ಆರಿಸಿದೆವು, ಯಾವುದನ್ನು ಬಿಟ್ಟೆವು, ಅಳತೆ ಏನು ಹೇಳಿತು, ಯಾವ ಸಂದರ್ಭ ಬಂದರೆ ಮತ್ತೆ ಯೋಚಿಸುತ್ತೇವೆ. ಅದನ್ನು ಕೋಡಿನ ಜತೆಯಲ್ಲೇ ಇಡಿ, ಕನ್ನಡದಲ್ಲೇ ಬರೆದರೂ ಆಯಿತು. ಮುಂದಿನ ವರ್ಷ ಸೇರುವ ಹುಡುಗಿ "ಇದನ್ನ ಯಾಕೆ ನೋಡ್‌ನಲ್ಲಿ ಮಾಡ್ಲಿಲ್ಲ?" ಎಂದು ಕೇಳಿದಾಗ ಅರ್ಧ ದಿನದ ಚರ್ಚೆ ಉಳಿಯುತ್ತದೆ. ಅವಳ ಬಳಿ ಒಳ್ಳೆಯ ಕಾರಣವಿದ್ದರೆ ಆ ಪುಟವನ್ನೇ ತಿದ್ದಬಹುದು.

ನಮ್ಮ ಉದಾಹರಣೆಗೆ ನನ್ನ ಆಯ್ಕೆ ಕೇಳುತ್ತೀರಾದರೆ: ಅಡ್ಮಿನ್, ವರದಿ, ಯಜಮಾನರ ಫೋನಿನ ಪುಟ ಎಲ್ಲ ಜ್ಯಾಂಗೋ ಮತ್ತು ಪೋಸ್ಟ್‌ಗ್ರೆಸ್, ಕೌಂಟರಿನಲ್ಲಿ ನೆಟ್ ಇಲ್ಲದಿದ್ದರೂ ಚೀಟಿ ಹಾಕುವ ಒಂದು ಪುಟ್ಟ ಗೋ ಪ್ರೋಗ್ರಾಮ್, ಒಳಗೆ ಎಸ್‌ಕ್ಯೂಲೈಟ್. ಎರಡು ಭಾಷೆಯ ಹೊರೆ ಬೇಡ ಅನ್ನಿಸಿದರೆ ಕೌಂಟರಿನ ಕಂಪ್ಯೂಟರಿನಲ್ಲೇ ಜ್ಯಾಂಗೋ ಹಾಕಿ ಓಡಿಸಿ, ಮೂರೇ ಜನ ಇರುವ ತಂಡಕ್ಕೆ ಅದೇ ಮೇಲು.

ಸ್ಟ್ಯಾಕ್ ಬದಲಿಸುವುದೇ ಆದರೆ ತಾರೀಖು ನೋಡಿ ಬದಲಿಸಿ. ಅರೇಬಿಕಾ ಕೊಯ್ಲು ಶುರುವಾಗುವ ನವೆಂಬರ್‌ನಿಂದ ರೊಬಸ್ಟಾ ಮುಗಿಯುವ ಮಾರ್ಚ್‌ವರೆಗೆ ಗಿರಾಕಿಯ ಕೌಂಟರ್ ಮುಟ್ಟಬೇಡಿ. ಏಪ್ರಿಲ್‌ನಲ್ಲಿ ಹೊಸದನ್ನು ಹಾಕಿ, ಹಳೆಯದನ್ನೂ ಪಕ್ಕದಲ್ಲಿ ಓಡಿಸಿ, ಎರಡರ ಮೊತ್ತ ತಾಳೆಯಾಗುವವರೆಗೆ ಹಳೆಯದನ್ನು ಅಳಿಸಬೇಡಿ.